ಅತಿಥಿಯ ಲೇಖನಿ, ಆತಿಥೇಯನ ಮುಖ: ಮಹಾನವಮಿ ದಿಬ್ಬದಿಂದ ವಿಶ್ವಕಪ್ ಮೈದಾನದವರೆಗೆ

ಒಲಿಂಪಿಕ್ಸ್ ಇರಲಿ, ಫುಟ್‌ಬಾಲ್ ಅಥವಾ ಕ್ರಿಕೆಟ್ ವಿಶ್ವಕಪ್ ಇರಲಿ, ದೊಡ್ಡ ಕ್ರೀಡಾಕೂಟವೊಂದು ನಡೆಯುವಾಗ ಅಲ್ಲಿ ಎರಡು ಸ್ಪರ್ಧೆಗಳು ಏಕಕಾಲಕ್ಕೆ ನಡೆಯುತ್ತವೆ. ಒಂದು ಮೈದಾನದೊಳಗಿನದು. ಅದರ ಫಲಿತಾಂಶ ಅಂದು ಸಂಜೆಗೇ ತಿಳಿಯುತ್ತದೆ. ಇನ್ನೊಂದು ಪತ್ರಿಕೆಗಳ ಪುಟಗಳಲ್ಲಿ ನಡೆಯುವಂಥದು. ಅಲ್ಲಿ ಪರೀಕ್ಷೆಗೆ ಕುಳಿತಿರುವುದು ಆತಿಥೇಯ ದೇಶ. ಅದರ ರಸ್ತೆ, ಶೌಚಾಲಯ, ಪೊಲೀಸು, ಊಟ, ಉಡುಪು, ಧರ್ಮ, ಬಡತನ ಎಲ್ಲಕ್ಕೂ ಅಂಕ ಹಾಕಲಾಗುತ್ತದೆ. ಯಾರು ಗೆದ್ದರೆಂಬುದು ಮರೆತುಹೋದ ಮೇಲೂ ಈ ಎರಡನೆಯ ಪರೀಕ್ಷೆಯ ಅಂಕಪಟ್ಟಿ ಜನರ ಮನಸ್ಸಿನಲ್ಲಿ ಬಹುಕಾಲ ಉಳಿಯುತ್ತದೆ.

ಈ ವಿಷಯ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ಕಡೆಯ ನಮಗೆ ದೂರದ್ದೇನಲ್ಲ. ಹೊರದೇಶದಿಂದ ಬಂದವರು ಕಂಡು ಬರೆದುದರಿಂದಲೇ ನಮ್ಮ ನೆಲದ ಇತಿಹಾಸದ ದೊಡ್ಡ ಭಾಗ ತಿಳಿದುಬಂದಿದೆ. ಇನ್ನೊಂದೆಡೆ, ದುಡಿಮೆಗಾಗಿ ಕೊಲ್ಲಿ ರಾಷ್ಟ್ರಗಳಿಗೆ ಹೋದ ಕನ್ನಡಿಗರ ಸಂಖ್ಯೆ ಸಣ್ಣದಲ್ಲ. ಆ ದೇಶಗಳ ಬಗ್ಗೆ ಪತ್ರಿಕೆ ಏನು ಬರೆಯುತ್ತದೆ, ಏನು ಬಿಡುತ್ತದೆ ಎಂಬುದು ಅವರ ಬದುಕಿಗೂ ತಾಗುವ ವಿಷಯ. ಆದ್ದರಿಂದ ಆತಿಥೇಯರ ಚಿತ್ರ ಹೇಗೆ ಮೂಡುತ್ತದೆ ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದು ಉಪಯುಕ್ತ.

ನಾಗಲಾಪುರದ ನಿಲುವಂಗಿ

ಕ್ರಿ.ಶ. 1443ರಲ್ಲಿ ಅಬ್ದುಲ್ ರಜಾಕ್ ವಿಜಯನಗರಕ್ಕೆ ಬಂದನು. ಆತ ತೈಮೂರನ ಮಗ ಶಾರೂಖನ ರಾಯಭಾರಿಯಾಗಿ ಹಿರಾತ್ ನಗರದಿಂದ ಹೊರಟವನು. ಮೊದಲು ಇಳಿದದ್ದು ಕಲ್ಲಿಕೋಟೆಯಲ್ಲಿ. ಅಲ್ಲಿಯ ಜನರ ಮೈಬಣ್ಣ, ಅರೆಬೆತ್ತಲೆ ಉಡುಪು ಯಾವುದೂ ಅವನಿಗೆ ಹಿಡಿಸಲಿಲ್ಲ; ಮನುಷ್ಯರೋ ಭೂತಗಳೋ ಎನ್ನುವಂತೆ ಬರೆದಿದ್ದಾನೆ. ಮಂಗಳೂರು, ಬೇಲೂರುಗಳ ದಾರಿಯಾಗಿ ವಿಜಯನಗರ ತಲುಪಿದ ಮೇಲೆ ಅದೇ ಲೇಖನಿಯ ಧಾಟಿ ಬದಲಾಯಿತು. ಇಂಥ ಪಟ್ಟಣ ಭೂಮಿಯ ಮೇಲೆ ಇನ್ನೊಂದಿಲ್ಲ ಎಂಬ ಮಟ್ಟಿಗೆ ಹೊಗಳಿದನು. ಇಮ್ಮಡಿ ದೇವರಾಯನ ಅರಮನೆಯಿಂದ ಅವನ ಬಿಡಾರಕ್ಕೆ ದಿನವೂ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಐದು ಮಣ ಅಕ್ಕಿ, ಬೆಣ್ಣೆ, ಸಕ್ಕರೆ, ಎರಡು ವರಹ ಹೊನ್ನು ಬರುತ್ತಿದ್ದವು. ಅದನ್ನೂ ಲೆಕ್ಕ ತಪ್ಪದೆ ಬರೆದಿಟ್ಟಿದ್ದಾನೆ.

ಆತಿಥ್ಯ ಚೆನ್ನಾಗಿದ್ದಲ್ಲಿ ಹೊಗಳಿಕೆ, ಮನಸ್ಸಿಗೆ ಒಗ್ಗದ ಕಡೆ ತೆಗಳಿಕೆ. ವರದಿಗಾರನ ಹೊಟ್ಟೆ, ಆರೋಗ್ಯ, ಅವನಿಗೆ ಸಿಕ್ಕ ಮರ್ಯಾದೆ ಇವೆಲ್ಲ ಅವನ ಬರಹದೊಳಗೆ ಸೇರಿಕೊಳ್ಳುತ್ತವೆ ಎಂಬುದಕ್ಕೆ ಇದೊಂದು ಹಳೆಯ ಸಾಕ್ಷಿ. ಕೊನೆಗೆ ಹೊರ್ಮುಜ್‌ನ ವ್ಯಾಪಾರಿಗಳು ಈತ ನಿಜವಾದ ರಾಯಭಾರಿಯೇ ಅಲ್ಲ ಎಂಬ ಗಾಳಿಮಾತು ಹಬ್ಬಿಸಿದರು. ಅದರಿಂದ ಅವನಿಗಿದ್ದ ಮನ್ನಣೆಯೂ ಕುಗ್ಗಿತು. ಸುಳ್ಳುಸುದ್ದಿ ಆತಿಥೇಯನನ್ನು ಹೇಗೋ ಹಾಗೆ ಅತಿಥಿಯನ್ನೂ ಬಾಧಿಸುತ್ತದೆ.

ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿಗೆ ಬಂದನು. ಆಗ ರಾಯನು ತಾನು ಹೊಸದಾಗಿ ಕಟ್ಟಿಸಿದ್ದ ನಾಗಲಾಪುರದಲ್ಲಿದ್ದನು. ನಾಗಲಾಪುರವೆಂದರೆ ಇಂದಿನ ನಮ್ಮ ಹೊಸಪೇಟೆ. ಪೋರ್ಚುಗೀಸರ ತಂಡದ ನಾಯಕ ಕ್ರಿಸ್ಟೋವಾವೊ ದೆ ಫಿಗೆರೆಡೊ ತನ್ನವರೊಡನೆ ಅಲ್ಲಿಗೆ ಹೋಗಿ ರಾಯನನ್ನು ಕಂಡನು. ಬೀಳ್ಕೊಡುವಾಗ ರಾಯನು ಅವನಿಗೆ ಜರತಾರಿಯ ನಿಲುವಂಗಿಯನ್ನೂ ತಾನು ಧರಿಸುವ ಮಾದರಿಯ ಟೋಪಿಯನ್ನೂ ಕೊಟ್ಟನು. ತಂಡದ ಉಳಿದವರಿಗೆಲ್ಲ ಕಸೂತಿಯ ವಸ್ತ್ರ ದೊರೆಯಿತು. ಪಾಯಸ್ ಇದನ್ನು ವಿಚಿತ್ರವೆಂದು ನಗೆಯಾಡಲಿಲ್ಲ. ಇದು ಇಲ್ಲಿಯ ಪದ್ಧತಿ, ಸ್ನೇಹದ ಮತ್ತು ಪ್ರೀತಿಯ ಗುರುತು ಎಂದು ತನ್ನ ದೇಶದವರಿಗೆ ಅರ್ಥ ಬಿಡಿಸಿ ತಿಳಿಸಿದನು. ಓದುಗರು ಈ ನಿಲುವಂಗಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇನ್ನೊಂದು ನಿಲುವಂಗಿಯ ಪ್ರಸ್ತಾಪ ಬರಲಿದೆ.

ಜಟ್ಟಿಗಳನ್ನು ಅಳೆದ ಅಳತೆಗೋಲು

ಮಹಾನವಮಿ ಆ ಕಾಲದ ಬಹುದೊಡ್ಡ ಉತ್ಸವ. ಆನೆ ಕುದುರೆಗಳ ಮೆರವಣಿಗೆ, ನೃತ್ಯ, ಬಾಣಬಿರುಸುಗಳ ಜತೆಗೆ ಮಲ್ಲಯುದ್ಧವೂ ಅಲ್ಲಿ ನಡೆಯುತ್ತಿತ್ತು. ಜಟ್ಟಿಗಳ ಹೊಡೆತಕ್ಕೆ ಹಲ್ಲು ಮುರಿಯುತ್ತಿತ್ತು, ಕಣ್ಣು ಹೋಗುತ್ತಿತ್ತು ಎಂದು ಪಾಯಸ್ ಬರೆದಿದ್ದಾನೆ. ಜತೆಗೆ ಅಲ್ಲಿ ತೀರ್ಪುಗಾರರಿದ್ದರೆಂಬುದನ್ನೂ ಗೆದ್ದವರಿಗೆ ಗೌರವ ಸಲ್ಲುತ್ತಿತ್ತೆಂಬುದನ್ನೂ ದಾಖಲಿಸಿದ್ದಾನೆ. ಅಂದರೆ ಅದು ನಿಯಮವಿದ್ದ ಆಟ. ಸುಮಾರು 15 ವರ್ಷಗಳ ಬಳಿಕ ಬರೆದ ನ್ಯೂನಿಜ್‌ನ ವರದಿ ಬೇರೆ. ಇಲ್ಲಿಯ ಕುಸ್ತಿ ನಮ್ಮ ರೀತಿಯದಲ್ಲ, ಕೈಯಲ್ಲಿ ಮೊನಚಾದ ಬಳೆಗಳನ್ನು ಹಿಡಿದು ಒಬ್ಬರನ್ನೊಬ್ಬರು ಗಾಯಗೊಳಿಸುತ್ತಾರೆ, ಹೆಚ್ಚು ಗಾಯಗೊಂಡವನೇ ಬಹುಮಾನ ಪಡೆಯುತ್ತಾನೆ ಎನ್ನುತ್ತಾನೆ ಅವನು. ಒಂದೇ ನಗರ, ಒಂದೇ ಉತ್ಸವ. ಬಹುಮಾನ ಯಾರಿಗೆ ಎಂಬ ವಿಷಯದಲ್ಲೇ ಎರಡು ವರದಿಗಳಿಗೆ ತಾಳೆಯಾಗುವುದಿಲ್ಲ. ನ್ಯೂನಿಜ್ ಕೈಯಲ್ಲಿದ್ದ ಅಳತೆಗೋಲು ಅವನ ಸ್ವದೇಶದ್ದು ಎಂಬುದೂ ಗಮನಾರ್ಹ.

ಈ ಎರಡೂ ಬರಹಗಳು ಇಂಗ್ಲಿಷಿಗೆ ಬಂದು ಪ್ರಚಾರ ಪಡೆದದ್ದು ಮದರಾಸು ಪ್ರಾಂತದ ಅಧಿಕಾರಿಯಾಗಿದ್ದ ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ಗ್ರಂಥದಿಂದ. ಅಲ್ಲಿಂದ ಮುಂದೆ ನಮ್ಮೂರನ್ನು ನಾವೇ ಬಹುಮಟ್ಟಿಗೆ ಆ ಅತಿಥಿಗಳ ಕಣ್ಣಿನಿಂದ ನೋಡುತ್ತ ಬಂದೆವು. ಆದರೆ ಆತಿಥೇಯನೂ ಸುಮ್ಮನಿರಲಿಲ್ಲ. ಮಹಾನವಮಿ ದಿಬ್ಬದ ಕಲ್ಲುಗಳನ್ನು ನೋಡಿದರೆ ಜಟ್ಟಿಗಳು, ನರ್ತಕಿಯರು, ಬೇಟೆಗಾರರ ಜತೆಗೆ ಟೋಪಿ ಧರಿಸಿದ ವಿದೇಶೀಯರೂ ಕುದುರೆಗಳೂ ಕಾಣುತ್ತವೆ. ಅತಿಥಿ ಕಾಗದದ ಮೇಲೆ ಆತಿಥೇಯನನ್ನು ಬರೆದನು. ಆತಿಥೇಯ ಕಲ್ಲಿನಲ್ಲಿ ಅತಿಥಿಯನ್ನು ಕೆತ್ತಿದನು. ಅಬ್ದುಲ್ ರಜಾಕ್ ಬರುವ ನಾಲ್ಕು ವರ್ಷ ಮೊದಲೇ, 1439ರಲ್ಲಿ, ದೇವರಾಯನ ಅಧಿಕಾರಿ ಅಹಮದ್ ಖಾನ್ ಇದೇ ರಾಜಧಾನಿಯಲ್ಲಿ ಧರ್ಮಶಾಲೆ ಕಟ್ಟಿಸಿದ ಶಾಸನವಿದೆ. ನಗರದ ಪೂರ್ಣ ಚಿತ್ರ ಬೇಕಾದವರು ಪ್ರವಾಸಿಯ ಕಾಗದವನ್ನೂ ಊರಿನ ಕಲ್ಲನ್ನೂ ಎರಡನ್ನೂ ಓದಬೇಕಾಗುತ್ತದೆ.

ಅದೇ ವಾರ, ಎರಡು ಮೈದಾನ

ಆಧುನಿಕ ಕ್ರೀಡಾಕೂಟಗಳ ಕಾಲಕ್ಕೆ ಬಂದರೆ, ಒಬ್ಬ ಪ್ರವಾಸಿಯ ಜಾಗದಲ್ಲಿ ನೂರಾರು ವರದಿಗಾರರು ಬಂದರು. ಆದರೆ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಸತ್ಯ ಹೆಚ್ಚಲಿಲ್ಲ. 1936ರ ಬರ್ಲಿನ್ ಒಲಿಂಪಿಕ್ಸ್ ಇದಕ್ಕೆ ಉದಾಹರಣೆ. ಹಿಟ್ಲರನ ಸರ್ಕಾರ ಯಹೂದಿಗಳ ವಿರುದ್ಧದ ಫಲಕಗಳನ್ನು ಆ ದಿನಗಳ ಮಟ್ಟಿಗೆ ಬೀದಿಗಳಿಂದ ತೆಗೆಸಿತು. ಬಂದ ಪತ್ರಕರ್ತರಲ್ಲಿ ಅನೇಕರು ಶಿಸ್ತು, ಸ್ವಚ್ಛತೆ, ಸತ್ಕಾರಗಳನ್ನು ಕೊಂಡಾಡಿ ಹೋದರು. ಧ್ಯಾನ್‌ಚಂದ್ ನಾಯಕತ್ವದ ನಮ್ಮ ಹಾಕಿ ತಂಡ ಅಲ್ಲಿ ಜರ್ಮನಿಯನ್ನು 8-1ರಿಂದ ಸೋಲಿಸಿದ್ದು ಸತ್ಯ. ಪತ್ರಿಕೆಗಳಲ್ಲಿ ಕಂಡ ಆ ನಗುಮುಖದ ಜರ್ಮನಿ ಮಾತ್ರ ಬಣ್ಣ ಬಳಿದದ್ದು. ಹಾಗಾಗಿ ಹೊಗಳಿಕೆಯೂ ತೆಗಳಿಕೆಯಷ್ಟೇ ದಾರಿ ತಪ್ಪಿಸಬಲ್ಲದು.

ನಮ್ಮ ಉಪಖಂಡದ ಸರದಿ 1987ರಲ್ಲಿ ಬಂತು. ಅಲ್ಲಿಯವರೆಗಿನ ಮೂರೂ ಕ್ರಿಕೆಟ್ ವಿಶ್ವಕಪ್‌ಗಳು ಇಂಗ್ಲೆಂಡಿನಲ್ಲೇ ನಡೆದಿದ್ದವು. ಭಾರತ ಮತ್ತು ಪಾಕಿಸ್ತಾನ ಜಂಟಿಯಾಗಿ ನಡೆಸುತ್ತವೆ ಎಂದಾಗ ಇಷ್ಟು ದೂರದ ಪ್ರಯಾಣ, ಇಷ್ಟು ಊರುಗಳು, ಈ ಎರಡು ದೇಶಗಳ ಸಂಬಂಧ, ಇವೆಲ್ಲ ಹೊಂದುವುದೇ ಎಂಬ ಅನುಮಾನ ಇಂಗ್ಲೆಂಡಿನ ವಲಯಗಳಲ್ಲಿತ್ತು. 21 ಕೇಂದ್ರಗಳಲ್ಲಿ 27 ಪಂದ್ಯಗಳು ಸುಸೂತ್ರವಾಗಿ ನಡೆದವು. ಹಗಲಿನ ಬೆಳಕು ಕಡಿಮೆಯೆಂದು 60 ಓವರುಗಳನ್ನು 50ಕ್ಕೆ ಇಳಿಸಿದ್ದು ಮುಂದೆ ಜಗತ್ತಿಗೇ ನಿಯಮವಾಯಿತು.

1996ರಲ್ಲಿ ಭಾರತ, ಪಾಕಿಸ್ತಾನ, ಶ್ರೀಲಂಕಾಗಳು ಆತಿಥೇಯರಾದವು. ಜನವರಿ 31ರಂದು ಕೊಲಂಬೊದ ಸೆಂಟ್ರಲ್ ಬ್ಯಾಂಕಿನ ಬಳಿ ಬಾಂಬ್ ಸ್ಫೋಟವಾಗಿ ಅನೇಕರು ಸತ್ತರು. ಆಸ್ಟ್ರೇಲಿಯ ಮತ್ತು ವೆಸ್ಟ್ ಇಂಡೀಸ್ ತಂಡಗಳು ಅಲ್ಲಿ ಆಡಲು ಒಪ್ಪಲಿಲ್ಲ. ಆಗ ಭಾರತ ಮತ್ತು ಪಾಕಿಸ್ತಾನದ ಆಟಗಾರರು ಒಂದೇ ತಂಡವಾಗಿ, ಅಜರುದ್ದೀನ್ ನಾಯಕತ್ವದಲ್ಲಿ, ಫೆಬ್ರವರಿ 13ರಂದು ಕೊಲಂಬೊಗೆ ಹೋಗಿ ಶ್ರೀಲಂಕಾ ವಿರುದ್ಧ ಆಡಿದರು. ವಾಸಿಂ ಅಕ್ರಂ, ತೆಂಡೂಲ್ಕರ್, ನಮ್ಮ ಅನಿಲ್ ಕುಂಬ್ಳೆ ಎಲ್ಲರೂ ಒಂದೇ ಕಡೆ. ನೆರೆಹೊರೆಯವರು ಆತಿಥೇಯನ ಮಾನ ಉಳಿಸಿದ ಅಪರೂಪದ ಪ್ರಸಂಗವಿದು. ಆದರೂ ಇಂದು ಎಷ್ಟು ವಿದ್ಯಾರ್ಥಿಗಳಿಗೆ ಇದು ಗೊತ್ತು?

ಅದೇ ಕೂಟದ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ-ಪಾಕಿಸ್ತಾನ ಕ್ವಾರ್ಟರ್ ಫೈನಲ್ ನಡೆಯಿತು. ವೆಂಕಟೇಶ್ ಪ್ರಸಾದ್ ಆಮಿರ್ ಸೊಹೈಲ್‌ನನ್ನು ಬೌಲ್ಡ್ ಮಾಡಿದ ಆ ಪಂದ್ಯ. ಎಷ್ಟೇ ಕಾವೇರಿದ್ದರೂ ಪಂದ್ಯ ಕೊನೆಯ ಓವರಿನವರೆಗೆ ನಡೆದು ಭಾರತ 39 ರನ್‌ಗಳಿಂದ ಗೆದ್ದಿತು. ನಾಲ್ಕೇ ದಿನಗಳ ಬಳಿಕ, ಮಾರ್ಚ್ 13ರಂದು, ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಭಾರತ ಸೋಲುವ ಸ್ಥಿತಿಯಲ್ಲಿದ್ದಾಗ ಪ್ರೇಕ್ಷಕರಲ್ಲಿ ಒಂದು ಭಾಗ ಬಾಟಲಿ ಎಸೆದು ಬೆಂಕಿ ಹಚ್ಚಿತು. ಪಂದ್ಯವನ್ನು ಶ್ರೀಲಂಕಾಕ್ಕೆ ಕೊಡಲಾಯಿತು. ಜಗತ್ತಿನ ನೆನಪಿನಲ್ಲಿ ಉಳಿದದ್ದು ಈಡನ್ನಿನ ಬೆಂಕಿ. ಅದು ಸುಳ್ಳು ಚಿತ್ರವಲ್ಲ. ಆದರೆ ಒಂದು ಸ್ಟ್ಯಾಂಡಿನ ಬೆಂಕಿ ಒಂದು ದೇಶದ ಸ್ವಭಾವವಾಗಿಬಿಟ್ಟಾಗ ನಿಜವಾದ ಚಿತ್ರವೇ ಸುಳ್ಳು ಹೇಳತೊಡಗುತ್ತದೆ. 1999ರ ಜನವರಿಯಲ್ಲಿ ಚೆನ್ನೈನಲ್ಲಿ 12 ರನ್‌ಗಳಿಂದ ಭಾರತವನ್ನು ಸೋಲಿಸಿದ ಪಾಕಿಸ್ತಾನ ತಂಡಕ್ಕೆ ಪ್ರೇಕ್ಷಕರು ಎದ್ದುನಿಂತು ಚಪ್ಪಾಳೆ ತಟ್ಟಿದ್ದೂ ಇದೇ ದೇಶದಲ್ಲಿ.

ನಮ್ಮ ಲೇಖನಿಯೂ ಬದಲಾದದ್ದುಂಟು. 2004ರ ಮಾರ್ಚ್-ಏಪ್ರಿಲ್‌ನಲ್ಲಿ ಭಾರತ ತಂಡ ಸುಮಾರು 15 ವರ್ಷಗಳ ನಂತರ ಪೂರ್ಣ ಪ್ರವಾಸಕ್ಕೆ ಪಾಕಿಸ್ತಾನಕ್ಕೆ ಹೋಯಿತು. ಮುಲ್ತಾನಿನಲ್ಲಿ ಸೆಹ್ವಾಗ್ 309, ರಾವಲ್ಪಿಂಡಿಯಲ್ಲಿ ನಮ್ಮ ರಾಹುಲ್ ದ್ರಾವಿಡ್ 270. ಆದರೆ ಆಟಕ್ಕಿಂತ ಹೆಚ್ಚು ಸುದ್ದಿಯಾದದ್ದು ಲಾಹೋರಿನ ಅಂಗಡಿಯವರು, ಟ್ಯಾಕ್ಸಿ ಚಾಲಕರು ಭಾರತದಿಂದ ಬಂದವರ ಹತ್ತಿರ ಹಣ ತೆಗೆದುಕೊಳ್ಳಲು ಒಪ್ಪದೇ ಇದ್ದದ್ದು. ಗಡಿಯ ಸುದ್ದಿಯನ್ನಷ್ಟೇ ಬರೆದು ಅಭ್ಯಾಸವಾಗಿದ್ದ ಪತ್ರಿಕೆಗಳು ಮೊದಲ ಬಾರಿಗೆ ಊಟದ, ಬೀದಿಯ, ಮನೆಯ ಪಾಕಿಸ್ತಾನವನ್ನು ಬರೆದವು. ಇದು ಸಾಧ್ಯವಾದದ್ದು ವೀಸಾ ಸಿಕ್ಕು ವರದಿಗಾರರೂ ಪ್ರೇಕ್ಷಕರೂ ಅಲ್ಲಿ ಕಾಲಿಟ್ಟಿದ್ದರಿಂದ. 2023ರ ವಿಶ್ವಕಪ್ ಭಾರತದಲ್ಲಿ ನಡೆದಾಗ ಪಾಕಿಸ್ತಾನದ ಪತ್ರಕರ್ತರಿಗೆ ವೀಸಾ ತಡವಾಯಿತು. ಕಣ್ಣಾರೆ ಕಾಣಲು ಬಿಡದಿದ್ದರೆ ದೂರದಿಂದ ಊಹಿಸಿ ಬರೆಯುವುದು ಸುಲಭವಾಗುತ್ತದೆ. ನಷ್ಟ ಆತಿಥೇಯನಿಗೇ.

ದೆಹಲಿಯ ಕೊಠಡಿ, ದೆಹಲಿಯ ಕೂಲಿ

2010ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆಯಿತು. ಅದಕ್ಕೆ ಎರಡು ವಾರ ಮೊದಲು ಜವಾಹರಲಾಲ್ ನೆಹರೂ ಕ್ರೀಡಾಂಗಣದ ಬಳಿಯ ಕಾಲುಸೇತುವೆ ಕುಸಿದು ಇಪ್ಪತ್ತಕ್ಕೂ ಹೆಚ್ಚು ಕಾರ್ಮಿಕರು ಗಾಯಗೊಂಡರು. ಕ್ರೀಡಾಗ್ರಾಮದ ಕೊಳಕು ಶೌಚಾಲಯ, ಹಾಸಿಗೆಯ ಮೇಲೆ ಪ್ರಾಣಿಯ ಹೆಜ್ಜೆ ಗುರುತು, ಈ ಚಿತ್ರಗಳು ಜಗತ್ತನ್ನೆಲ್ಲ ಸುತ್ತಿದವು. ನಮ್ಮಲ್ಲಿ ಅನೇಕರು ಇದು ಬಿಳಿಯರ ಪಿತೂರಿ ಎಂದರು. ಆದರೆ ಚಿತ್ರ ನಿಜವಾಗಿತ್ತು. ಸಿದ್ಧತೆಯ ವಿಳಂಬ ಮತ್ತು ದುಂದುವೆಚ್ಚವನ್ನು 2011ರಲ್ಲಿ ನಮ್ಮದೇ ಮಹಾಲೇಖಪಾಲರ ವರದಿ ಬಯಲಿಗಿಟ್ಟಿತು. ಇನ್ನೊಂದು ವಿಷಯ ಮಾತ್ರ ಹಿಂದೆ ಬಿತ್ತು. ದೆಹಲಿ ಹೈಕೋರ್ಟ್ ನೇಮಿಸಿದ ಸಮಿತಿಯೊಂದು 2010ರಲ್ಲೇ ಕಾಮಗಾರಿ ಸ್ಥಳಗಳಿಗೆ ಹೋಗಿ, ಕೂಲಿಕಾರರಿಗೆ ಕನಿಷ್ಠ ವೇತನವಾಗಲಿ ಸುರಕ್ಷತೆಯಾಗಲಿ ಸರಿಯಾಗಿ ಸಿಗುತ್ತಿಲ್ಲವೆಂದು ತಿಳಿಸಿತ್ತು. ಅತಿಥಿಯ ಹಾಸಿಗೆ ಹರಡಿದಷ್ಟು ಈ ಸುದ್ದಿ ಹರಡಲಿಲ್ಲ. ಅತಿಥಿಗೆ ಕಾಣುವುದು ಅವನಿಗೆ ಕೊಟ್ಟ ಕೋಣೆ. ಕೋಣೆ ಕಟ್ಟಿದವನ ಬಿಡಾರ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಕೂಟ ನಡೆದೇ ನಡೆಯಿತು. ಭಾರತ 38 ಚಿನ್ನ ಸೇರಿ 101 ಪದಕ ಗೆದ್ದಿತು. ಮಹಿಳೆಯರ 4x400 ಮೀಟರ್ ರಿಲೇ ಚಿನ್ನದಲ್ಲಿ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜೆಯೂ, ಬ್ಯಾಡ್ಮಿಂಟನ್ ಡಬಲ್ಸ್ ಚಿನ್ನದಲ್ಲಿ ನಮ್ಮ ಅಶ್ವಿನಿ ಪೊನ್ನಪ್ಪನೂ ಇದ್ದರು. ಅದೇ ವರ್ಷ ದಕ್ಷಿಣ ಆಫ್ರಿಕಾದಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆದಿತ್ತು. ಅದಕ್ಕೂ ಮುನ್ನ ಯುರೋಪಿನ ಪತ್ರಿಕೆಗಳಲ್ಲಿ ಕೊಲೆ, ಸುಲಿಗೆಯ ಭಯವೇ ಮುಂದಿತ್ತು. ಕೂಟ ದೊಡ್ಡ ಅನಾಹುತವಿಲ್ಲದೆ ಮುಗಿಯಿತು. ಮೊದಲು ಮುಖಪುಟದಲ್ಲಿ ಭಯ. ಆಮೇಲೆ ಒಳಪುಟದಲ್ಲಿ ಸಮಾಧಾನ. ಈ ಕ್ರಮವನ್ನು ಹಲವು ಕೂಟಗಳಲ್ಲಿ ಕಾಣಬಹುದು.

ಕತಾರ್: ಸತ್ಯವೂ ಪೂರ್ವಗ್ರಹವೂ

2022ರ ನವೆಂಬರ್ 20ರಿಂದ ಡಿಸೆಂಬರ್ 18ರವರೆಗೆ ಕತಾರ್‌ನಲ್ಲಿ ನಡೆದ ಫುಟ್‌ಬಾಲ್ ವಿಶ್ವಕಪ್ ಈ ಚರ್ಚೆಯನ್ನು ತಾರಕಕ್ಕೆ ಒಯ್ದಿತು. ಅರಬ್ ದೇಶವೊಂದರಲ್ಲಿ ಈ ಕೂಟ ನಡೆದದ್ದು ಅದೇ ಮೊದಲು. ಪಾಶ್ಚಾತ್ಯ ಪತ್ರಿಕೆಗಳು ಕಾರ್ಮಿಕರ ಸಾವನ್ನು ಮುಂದಿಟ್ಟವು. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ 2021ರ ಫೆಬ್ರವರಿಯಲ್ಲಿ ಒಂದು ಅಂಕಿ ಪ್ರಕಟಿಸಿತು: ಆತಿಥ್ಯ ದೊರೆತ 2010ರಿಂದೀಚೆಗೆ ಭಾರತ, ಪಾಕಿಸ್ತಾನ, ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾಗಳ 6,500ಕ್ಕೂ ಹೆಚ್ಚು ವಲಸೆ ಕಾರ್ಮಿಕರು ಕತಾರ್‌ನಲ್ಲಿ ಸತ್ತಿದ್ದಾರೆ. ಈ ಅಂಕಿಯಲ್ಲಿ ಎಲ್ಲ ಕೆಲಸದವರೂ ಎಲ್ಲ ಕಾರಣದ ಸಾವುಗಳೂ ಸೇರಿದ್ದವು. ಬಾಯಿಂದ ಬಾಯಿಗೆ, ಪತ್ರಿಕೆಯಿಂದ ಪತ್ರಿಕೆಗೆ ಸಾಗುವಾಗ ಅದು ಕ್ರೀಡಾಂಗಣ ಕಟ್ಟುವಾಗ ಸತ್ತವರ ಸಂಖ್ಯೆ ಎಂದಾಯಿತು. ಮತ್ತೊಂದು ತುದಿಯಲ್ಲಿ, ಕ್ರೀಡಾಂಗಣಗಳ ಕೆಲಸದಲ್ಲೇ ಸತ್ತವರು ಮೂವರು ಮಾತ್ರ ಎಂದು ಸಂಘಟಕರು ಹೇಳುತ್ತಿದ್ದರು. ಕೂಟದ ನಡುವೆ ಅವರ ಮುಖ್ಯಸ್ಥರೇ, ಕೂಟಕ್ಕೆ ಸಂಬಂಧಿಸಿದ ಎಲ್ಲ ಕಾಮಗಾರಿ ಸೇರಿಸಿದರೆ 400ರಿಂದ 500 ಇರಬಹುದು ಎಂದರು. ಯಾವ ಸಂಖ್ಯೆ ಏನನ್ನು ಎಣಿಸುತ್ತದೆ ಎಂದು ಕೇಳದವನು ಎರಡೂ ಕಡೆಯವರಿಂದ ಮೋಸ ಹೋಗುತ್ತಾನೆ.

ಕಾರ್ಮಿಕರ ಪ್ರಶ್ನೆಯನ್ನು ಎತ್ತಿದ್ದು ತಪ್ಪೇ? ಖಂಡಿತ ಅಲ್ಲ. ಆ ಒತ್ತಡವೂ ಸೇರಿ, ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಲು 2020ರಲ್ಲಿ ಅವಕಾಶವಾಯಿತು. 2021ರ ಮಾರ್ಚ್‌ನಿಂದ ತಿಂಗಳಿಗೆ 1,000 ರಿಯಾಲ್ ಕನಿಷ್ಠ ವೇತನ ಜಾರಿಗೆ ಬಂತು. ಬಿಸಿಲಲ್ಲಿ ದುಡಿದವರು ನಮ್ಮ ಉಪಖಂಡದ ಬಡವರ ಮಕ್ಕಳು. ಅವರ ಪರವಾದ ವರದಿಯನ್ನು, ಆತಿಥೇಯ ದೇಶ ಮುಸ್ಲಿಮರದು ಎಂಬ ಕಾರಣಕ್ಕೆ ನಾವು ಅಲ್ಲಗಳೆದರೆ ಅದು ನಮ್ಮವರಿಗೇ ಮಾಡುವ ಅನ್ಯಾಯ.

ಆದರೆ ಅದೇ ಪುಟಗಳಲ್ಲಿ ಇನ್ನೊಂದು ಬಗೆಯ ಬರಹವೂ ಇತ್ತು. ಫ್ರಾನ್ಸಿನ ವಿಡಂಬನ ವಾರಪತ್ರಿಕೆಯೊಂದು ಕತಾರ್ ಆಟಗಾರರನ್ನು ಬಂದೂಕು ಹಿಡಿದ ಗಡ್ಡದ ಉಗ್ರರಂತೆ ಚಿತ್ರಿಸಿತು. ಇದರಲ್ಲಿ ಕಾರ್ಮಿಕನ ನೋವೆಲ್ಲಿದೆ? ಕೊನೆಗೆ ಫೈನಲ್ ಮುಗಿದು ಕಪ್ ಎತ್ತುವ ಮುನ್ನ ಕತಾರ್‌ನ ಅಮೀರ್ ಶೇಖ್ ತಮೀಮ್ ಅವರು ಅರ್ಜೆಂಟೀನದ ಮೆಸ್ಸಿಗೆ ಕಪ್ಪು ಬಿಷ್ತ್ ಹೊದಿಸಿದರು. ಬಿಷ್ತ್ ಎಂದರೆ ಅರಬರಲ್ಲಿ ಗಣ್ಯರು ವಿಶೇಷ ಸಂದರ್ಭಗಳಲ್ಲಿ ಧರಿಸುವ ತೆಳು ಮೇಲಂಗಿ. ಬ್ರಿಟನ್ನಿನ ಪ್ರಮುಖ ದಿನಪತ್ರಿಕೆಯೊಂದು, ವಿಶ್ವಕಪ್ ಇತಿಹಾಸದ ಶ್ರೇಷ್ಠ ಕ್ಷಣವನ್ನು ಈ ವಿಚಿತ್ರ ವರ್ತನೆ ಕೆಡಿಸಿತು ಎಂಬರ್ಥದಲ್ಲಿ ಬರೆಯಿತು. ಅರ್ಜೆಂಟೀನದ ಅಂಗಿ ಚಿತ್ರದಲ್ಲಿ ಮರೆಯಾಯಿತು ಎಂಬ ಆಕ್ಷೇಪಣೆ ಇರಬಹುದು, ಅದು ಅಭಿಪ್ರಾಯದ ವಿಷಯ. ಆದರೆ ಅದು ವಿಚಿತ್ರ ಏಕೆ? ನಮ್ಮೂರಿನ ಯಾವ ಸಭೆಯಲ್ಲಿ ಗೆದ್ದವನಿಗೆ ಶಾಲು ಹೊದಿಸಿ, ಪೇಟ ತೊಡಿಸುವುದಿಲ್ಲ? ಐನೂರು ವರ್ಷಗಳ ಹಿಂದೆ ನಾಗಲಾಪುರದಲ್ಲಿ ನಿಲುವಂಗಿ ಕಂಡ ಪಾಯಸ್ ಅದರ ಅರ್ಥ ತಿಳಿದು ಬರೆದನು. ದೂರವಾಣಿ, ಅಂತರ್ಜಾಲ, ದುಭಾಷಿ ಎಲ್ಲ ಇದ್ದ 2022ರ ಪತ್ರಕರ್ತನಿಗೆ ಪಕ್ಕದಲ್ಲಿ ಕುಳಿತ ಅರಬನನ್ನು ಒಂದು ಮಾತು ಕೇಳಲು ಸಮಯವಿರಲಿಲ್ಲ.

ಓದುವವರೂ ಬರೆಯುವವರೂ

ಕನ್ನಡ ಪತ್ರಿಕೆಗಳಲ್ಲಿ ಬರುವ ವಿದೇಶಿ ಕ್ರೀಡಾಸುದ್ದಿಯ ಬಹುಭಾಗ ಸುದ್ದಿಸಂಸ್ಥೆಗಳ ಇಂಗ್ಲಿಷ್ ವರದಿಯ ಅನುವಾದ. ಲಂಡನ್ನಿನಲ್ಲೋ ಪ್ಯಾರಿಸ್ಸಿನಲ್ಲೋ ಹುಟ್ಟಿದ ವಿಶೇಷಣ ಮರುದಿನ ಹೊಸಪೇಟೆಯ ಚಹದಂಗಡಿಯಲ್ಲಿ ಕನ್ನಡವಾಗಿ ಕೂತಿರುತ್ತದೆ. ಹೀಗಾಗಿ ಓದುವವನ ಮೇಲೆ ಹೊಣೆ ಹೆಚ್ಚು. ಬರೆದವನು ಅಲ್ಲಿಗೆ ಹೋಗಿದ್ದನೇ? ಯಾರ ಮಾತು ಕೇಳಿದ? ಅಂಕಿ ಏನನ್ನು ಎಣಿಸಿದೆ? ಕೂಟ ಮುಗಿದ ಮೇಲೆ ತನ್ನ ಮೊದಲಿನ ಮಾತನ್ನು ತಿದ್ದಿಕೊಂಡನೇ? ಕೊನೆಯದಾಗಿ, ಇದೇ ದೋಷ ತನ್ನ ದೇಶದಲ್ಲಿದ್ದರೆ ಇದೇ ದನಿಯಲ್ಲಿ ಬರೆಯುತ್ತಿದ್ದನೇ? ಈ ಪ್ರಶ್ನೆಗಳನ್ನು ನಮಗೆ ಒಪ್ಪದ ವರದಿಗೆ ಮಾತ್ರವಲ್ಲ, ನಮಗೆ ಸಂತೋಷ ಕೊಡುವ ವರದಿಗೂ ಕೇಳಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಇದನ್ನೇ ಹೇಳುತ್ತದೆ.

2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆಗಳು ನಡೆದಾಗ ಸಂಡೂರಿನ ಲಂಬಾಣಿ ಮಹಿಳೆಯರ ಕಸೂತಿ ಜಗತ್ತಿನ ಗಮನ ಸೆಳೆಯಿತು. ಆತಿಥೇಯರು ತಮ್ಮ ಒಳ್ಳೆಯದನ್ನು ತೋರಿಸುವುದು ಸಹಜ. 2030ರ ಕಾಮನ್‌ವೆಲ್ತ್ ಕೂಟದ ಆತಿಥ್ಯ ನಮ್ಮ ದೇಶದ ಅಹಮದಾಬಾದಿಗೆ ದೊರೆತಿದೆ. 2034ರ ಫುಟ್‌ಬಾಲ್ ವಿಶ್ವಕಪ್ ಸೌದಿ ಅರೇಬಿಯಾಕ್ಕೆ ನಿಗದಿಯಾಗಿದೆ. ಒಂದರಲ್ಲಿ ನಾವು ಆತಿಥೇಯರು. ಇನ್ನೊಂದರಲ್ಲಿ ಕ್ರೀಡಾಂಗಣ ಕಟ್ಟುವವರಲ್ಲಿ ನಮ್ಮವರೂ ಇರುತ್ತಾರೆ. ಇಂದು ಶಾಲಾ ಕಾಲೇಜುಗಳಲ್ಲಿ ಓದುತ್ತಿರುವ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಅಷ್ಟರಲ್ಲಿ ಪತ್ರಕರ್ತರಾಗಲಿ, ಇತಿಹಾಸಕಾರರಾಗಲಿ. ಬಿಷ್ತ್ ಎಂದರೇನೆಂದು ಕೇಳಿ ತಿಳಿದು ಬರೆಯುವವರೂ, ಬಿಷ್ತ್ ತೊಟ್ಟವನ ಎದುರು ಕೂಲಿಕಾರನ ಸಂಬಳದ ಚೀಟಿ ತೋರಿಸಿ ಪ್ರಶ್ನಿಸುವವರೂ ಒಬ್ಬರೇ ಆಗಿರಲಿ. ಎರಡರಲ್ಲಿ ಒಂದನ್ನಷ್ಟೇ ಮಾಡುವವರು ಜಗತ್ತಿನಲ್ಲಿ ಈಗಾಗಲೇ ಸಾಕಷ್ಟಿದ್ದಾರೆ.